ಓವರ್‌ಕ್ಲಾಕ್ ಮಾಡಿದ ಪಿಸಿ ನಿಧಾನವಾಯಿತಾ? ಬಿಚ್ಚುವ ಮೊದಲು ಇಷ್ಟು ನೋಡಿ

ಓವರ್‌ಕ್ಲಾಕ್, ಅಂದರೆ ಚಿಪ್‌ಗಳನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು, ಅತಿಯಾದರೆ ಪಿಸಿ ಹ್ಯಾಂಗ್ ಆಗುತ್ತದೆ, ನೀಲಿ ಸ್ಕ್ರೀನ್ ಬರುತ್ತದೆ, ಇಲ್ಲಾ ತಾನೇ ರೀಸ್ಟಾರ್ಟ್ ಆಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟೋ ಸಲ ಇದ್ಯಾವುದೂ ಆಗುವುದಿಲ್ಲ. ಎರರ್ ಇಲ್ಲ, ಬೀಪ್ ಇಲ್ಲ. ಗೇಮ್ ಓಡುತ್ತಲೇ ಇರುತ್ತದೆ, ಮೊದಲು 140 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತಿದ್ದ ಜಾಗದಲ್ಲಿ ಈಗ 95 ಬರುತ್ತದೆ. ಹುಡುಗರು ಗ್ರಾಫಿಕ್ಸ್ ಕಾರ್ಡ್ ಹೋಯಿತು ಅಂತ ಗಾಬರಿಯಾಗುತ್ತಾರೆ.

ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸ ಮಾಡುತ್ತೇನೆ. ಮನೆ ಬಂಗಾರಪೇಟೆ. ಪಿಸಿ ಜೋಡಿಸುವುದು ಶಿಫ್ಟ್ ಮುಗಿದ ಮೇಲಿನ ಹುಚ್ಚು. ಕೋಲಾರ, ಕೆಜಿಎಫ್, ಮಾಲೂರು ಕಡೆಯ ಹುಡುಗರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪಾರ್ಟ್ಸ್ ತಂದು ನನ್ನ ಹತ್ತಿರ ಬರುತ್ತಾರೆ. ಡಿಸೆಂಬರ್‌ನಲ್ಲಿ ಖುಷಿಯಾಗಿ ಓವರ್‌ಕ್ಲಾಕ್ ಮಾಡಿಕೊಳ್ಳುತ್ತಾರೆ. ಮಾರ್ಚ್ ಕಳೆದ ಮೇಲೆ ಫೋನ್ ಶುರು: "ಅಣ್ಣಾ, ಯಾಕೋ ಮೊದಲಿನ ಥರ ಓಡ್ತಿಲ್ಲ."

ಕಾರ್ಖಾನೆಯಲ್ಲಿ ಮೋಟರ್ ಟ್ರಿಪ್ ಆದರೆ ನಾವು ತಕ್ಷಣ ಮೋಟರ್ ಬಿಚ್ಚಿ ಕೂರುವುದಿಲ್ಲ. ಪ್ಯಾನೆಲ್ ತೆಗೆದು ಯಾವ ರಿಲೇ (ಮೋಟರ್ ಕಾಯುವ ಸ್ವಿಚ್) ಬಿದ್ದಿದೆ ನೋಡುತ್ತೇವೆ. ಓವರ್‌ಲೋಡಾ, ಒಂದು ಫೇಸ್ ಹೋಗಿದೆಯಾ, ಪಂಪ್ ನೀರಿಲ್ಲದೆ ಓಡಿತಾ? ಪಿಸಿಗೂ ನಾನು ಇದೇ ದಾರಿ ಹಿಡಿಯುತ್ತೇನೆ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಶಾಖ, ವ್ಯಾಟ್, ಕರೆಂಟ್, ವೋಲ್ಟೇಜ್ ಅಂತ ಬೇರೆ ಬೇರೆ ಮಿತಿಗಳಿವೆ. ಯಾವುದೋ ಒಂದು ಮಿತಿ ಮುಟ್ಟಿದಾಗ ಅವು ಸುಮ್ನೆ ವೇಗ ಇಳಿಸಿಕೊಳ್ಳುತ್ತವೆ. ಆ ಮಿತಿ ಯಾವುದು ಅಂತ ಗೊತ್ತಾಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಉದಾಹರಣೆಗೆ ನನ್ನ ಅಕ್ಕನ ಮಗನ ಪಿಸಿಯನ್ನೇ ಇಟ್ಟುಕೊಳ್ಳುತ್ತೇನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಅವರ ಮನೆ. ರೈಜನ್ 5 5600ಎಕ್ಸ್ ಪ್ರೊಸೆಸರ್, ಬಿ450 ಬೋರ್ಡ್, 3600ರ ಡಿಡಿಆರ್4 ರ‍್ಯಾಮ್ 8 ಜಿಬಿ ಎರಡು ಕಡ್ಡಿ, ಆರ್‌ಟಿಎಕ್ಸ್ 3060 ಟಿಐ ಕಾರ್ಡ್. ನಮ್ಮ ಕಡೆ ತುಂಬಾ ಹುಡುಗರ ಹತ್ತಿರ ಹೆಚ್ಚುಕಡಿಮೆ ಇಂಥದ್ದೇ ಇದೆ.

ಮೊದಲು ಪ್ರಶ್ನೆ ಕೇಳಿ

"ಸ್ಲೋ ಆಗಿದೆ" ಅನ್ನುವುದು ಸಾಕಾಗುವುದಿಲ್ಲ. ಹೇಗೆ ಸ್ಲೋ? ಆಟ ಶುರುವಾದಾಗ ಚೆನ್ನಾಗಿದ್ದು ಹತ್ತು ಹದಿನೈದು ನಿಮಿಷದ ಮೇಲೆ ಇಳಿದರೆ ಅದು ಶಾಖ, ಬಹುತೇಕ ಖಚಿತ. ಮೊದಲ ನಿಮಿಷದಿಂದಲೇ ಕಡಿಮೆ ಇದ್ದರೆ ಯಾವುದೋ ಸೆಟ್ಟಿಂಗ್ ಬಿದ್ದುಹೋಗಿದೆ, ಹೆಚ್ಚಾಗಿ ರ‍್ಯಾಮ್‌ನದು. ಸರಾಸರಿ ಎಫ್‌ಪಿಎಸ್ ಸರಿಯಿದ್ದು ನಡುನಡುವೆ ತಡವರಿಸಿದರೆ ರ‍್ಯಾಮ್, ಎಸ್‌ಎಸ್‌ಡಿ ಅಥವಾ ಹಿಂದೆ ಓಡುತ್ತಿರುವ ಯಾವುದೋ ಪ್ರೋಗ್ರಾಂ. ಒಂದೇ ಗೇಮ್‌ನಲ್ಲಿ ಮಾತ್ರ ಇಳಿದಿದ್ದರೆ ಆ ಗೇಮ್‌ನ ಅಪ್‌ಡೇಟ್ ಮೇಲೆ ಅನುಮಾನ ಪಡಿ, ನಿಮ್ಮ ಓವರ್‌ಕ್ಲಾಕ್ ಮೇಲಲ್ಲ.

ಓವರ್‌ಕ್ಲಾಕ್‌ಗೆ ಸಂಬಂಧವೇ ಇಲ್ಲದ ಕಾರಣಗಳನ್ನು ಐದು ನಿಮಿಷದಲ್ಲಿ ಮುಗಿಸಿಬಿಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆ ತಾನೇ? ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಜ್ ಇದೆಯಾ, 60ಕ್ಕೆ ಬಿದ್ದಿದೆಯಾ? ಎಸ್‌ಎಸ್‌ಡಿ ಕುತ್ತಿಗೆವರೆಗೆ ತುಂಬಿದೆಯಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾರು ಸಿಪಿಯು ತಿನ್ನುತ್ತಿದ್ದಾರೆ? ಮನೆ ಶಿಫ್ಟ್ ಮಾಡಿದ ಮೇಲೆ ಬರುವ ಕೇಸುಗಳಲ್ಲಿ ಕೇಬಲ್ಲೇ ಕಳ್ಳ.

ಓವರ್‌ಕ್ಲಾಕ್ ಪೂರ್ತಿ ತೆಗೆದು ಅಳೆಯಿರಿ

ಅಂದರೆ ಕಂಪನಿ ಇಟ್ಟ ಮೂಲ ಸೆಟ್ಟಿಂಗ್‌ಗೆ, ಸ್ಟಾಕ್‌ಗೆ, ವಾಪಸ್ ಹೋಗುವುದು. ಹುಡುಗರಿಗೆ ಇದು ಇಷ್ಟವಾಗುವುದಿಲ್ಲ. "ಸ್ಟಾಕ್‌ಗೆ ಹಾಕಿದ್ರೆ ಇನ್ನೂ ಸ್ಲೋ ಆಗುತ್ತಲ್ಲ ಮಾಮಾ" ಅಂತಾನೆ ನಮ್ಮವನು. ಆಗುತ್ತದೋ ಇಲ್ಲವೋ ಅಂತ ನೋಡುವುದಕ್ಕೇ ಹಾಕುವುದು. ಬಯಾಸ್ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಒಳಗಿನ ಎಲ್ಲ ಸೆಟ್ಟಿಂಗ್‌ಗಳ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಪ್ರೊಫೈಲ್ ಆಗಿ ಸೇವ್ ಮಾಡಿ, ಆಮೇಲೆ ಡೀಫಾಲ್ಟ್ ಲೋಡ್ ಮಾಡಿ. ಕಾರ್ಡಿನ ವೇಗ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಪ್ರೋಗ್ರಾಂನಲ್ಲಿ ಕಾರ್ಡ್ ಕೂಡ ರೀಸೆಟ್ ಮಾಡಿ.

ಈಗ ಪ್ರೊಸೆಸರ್‌ನ ವೇಗ ಅಳೆದು ಅಂಕ ಕೊಡುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. 5600ಎಕ್ಸ್‌ಗೆ ಸ್ಟಾಕ್‌ನಲ್ಲಿ ಮಲ್ಟಿಕೋರ್ ಅಂಕ 11 ಸಾವಿರದ ಆಸುಪಾಸು ಬರಬೇಕು. ಆಮೇಲೆ ನೀವು ದಿನಾ ಆಡುವ ಗೇಮ್, ಅದೇ ಮ್ಯಾಪ್, ಅದೇ ಜಾಗ. ಎಫ್‌ಪಿಎಸ್ ಜೊತೆ 1% ಲೋ (ತೀರಾ ನಿಧಾನವಾದ 1% ಕ್ಷಣಗಳ ಎಫ್‌ಪಿಎಸ್) ಕೂಡ ಬರೆದಿಡಿ. ಕೈಗೆ ಗೊತ್ತಾಗುವ ತಡವರಿಕೆ ಆ ಅಂಕೆಯಲ್ಲಿ ಕಾಣುತ್ತದೆ, ಸರಾಸರಿಯಲ್ಲಿ ಕಾಣುವುದಿಲ್ಲ. ಪಕ್ಕದಲ್ಲೇ ಕೋಣೆ ಎಷ್ಟು ಬಿಸಿ ಇತ್ತು ಅಂತಲೂ ಬರೆಯಿರಿ.

ಸ್ಟಾಕ್‌ನಲ್ಲೇ ಜಾಸ್ತಿ ಎಫ್‌ಪಿಎಸ್ ಬಂದರೆ ತಪ್ಪು ಓವರ್‌ಕ್ಲಾಕ್‌ನದು. ಸ್ಟಾಕ್‌ನಲ್ಲೂ ಬರಬೇಕಾದ್ದಕ್ಕಿಂತ ಕಡಿಮೆ ಬಂದರೆ ಕೂಲಿಂಗ್, ರ‍್ಯಾಮ್ ಅಥವಾ ವಿಂಡೋಸ್ ಕಡೆ ತಿರುಗಿ.

ಇಲ್ಲೊಂದು ಮಾತು. 5600ಎಕ್ಸ್‌ನಂಥ ಚಿಪ್‌ಗೆ ಎಲ್ಲ ಕೋರ್‌ಗಳನ್ನೂ 4.4 ಗಿಗಾಹರ್ಟ್ಜ್‌ಗೆ ಕಟ್ಟಿಹಾಕಿ ಓವರ್‌ಕ್ಲಾಕ್ ಮಾಡಿದೆ ಅಂತ ಹೇಳುವವರಿದ್ದಾರೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಒಂದೆರಡು ಕೋರ್ 4.6ವರೆಗೆ ಹೋಗುತ್ತವೆ. ವ್ಯಾಲರಂಟ್‌ನಂಥ ಗೇಮ್‌ಗೆ ಬೇಕಾದದ್ದು ಆ ಒಂದೆರಡು ಕೋರ್‌ಗಳ ಓಟ. ಕಟ್ಟಿಹಾಕಿದ ಮೇಲೆ ಸಿನೆಬೆಂಚ್ ಅಂಕ ಏರಬಹುದು, ಗೇಮ್ ಇಳಿಯುತ್ತದೆ. ನಮ್ಮವನ ಪಿಸಿಯಲ್ಲಿ ಮೊದಲು ತೆಗೆಸಿದ್ದು ಇದನ್ನೇ.

ಯಾವ ರಿಲೇ ಬಿದ್ದಿದೆ

ಎಚ್‌ಡಬ್ಲ್ಯೂಇನ್‌ಫೋ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಸೆನ್ಸರ್ಸ್ ಮಾತ್ರ ಅಂತ ಆರಿಸಿ ತೆರೆಯಿರಿ. ಗೇಮ್ ಶುರು ಮಾಡುವ ಮೊದಲು ಲಾಗಿಂಗ್ ಆನ್ ಮಾಡಿ, ಅರ್ಧ ಗಂಟೆ ಆಡಿ, ಬಂದು ನೋಡಿ. ಸಾಲುಗಳು ನೂರಾರು ಇರುತ್ತವೆ, ಹೆದರಬೇಡಿ. ಬೇಕಾದವು ಕೆಲವೇ.

ಎಎಂಡಿ ಪ್ರೊಸೆಸರ್ ಆದರೆ ಥರ್ಮಲ್ ಥ್ರಾಟ್ಲಿಂಗ್ ಸಾಲು, ಪ್ರೊಕ್‌ಹಾಟ್ ಸಾಲು. ಎರಡೂ ಬಿಸಿಯಿಂದ ವೇಗ ಇಳಿದದ್ದನ್ನು ಹೇಳುತ್ತವೆ. ಎಲ್ಲಾದರೂ 'ಯೆಸ್' ಬಂದಿದೆಯಾ? ಇಂಟೆಲ್ ಆದರೆ ಥರ್ಮಲ್ ಥ್ರಾಟ್ಲಿಂಗ್ ಮತ್ತು ಪವರ್ ಲಿಮಿಟ್ ಎಕ್ಸೀಡೆಡ್. ಎನ್‌ವಿಡಿಯಾ ಕಾರ್ಡ್ ಆದರೆ 'ಪರ್ಫಾರ್ಮೆನ್ಸ್ ಲಿಮಿಟ್' ಅಂತ ಶುರುವಾಗುವ ಸಾಲುಗಳು. ಅಲ್ಲಿ ಪವರ್, ಥರ್ಮಲ್, ವೋಲ್ಟೇಜ್ ಬೇರೆ ಬೇರೆ ಬರೆದಿರುತ್ತದೆ. ಪವರ್ ಮತ್ತು ವೋಲ್ಟೇಜ್ ಸಾಲಿನಲ್ಲಿ 'ಯೆಸ್' ಇದ್ದರೆ ಗಾಬರಿ ಬೇಡ. ಕಾರ್ಡ್ ಪೂರ್ತಿ ದುಡಿಯುವಾಗ ಅದು ಮಾಮೂಲು. ಥರ್ಮಲ್‌ನಲ್ಲಿ 'ಯೆಸ್' ಇದ್ದರೆ ಅದು ಮಾಮೂಲಲ್ಲ.

ಇನ್ನೊಂದು ಸಾಲನ್ನು ಯಾರೂ ನೋಡುವುದಿಲ್ಲ: ಎಫೆಕ್ಟಿವ್ ಕ್ಲಾಕ್. ರೈಜನ್‌ನಲ್ಲಿ ವೋಲ್ಟೇಜ್ ತೀರಾ ಇಳಿಸಿದರೆ ಮೇಲಿನ ಸಾಲಿನಲ್ಲಿ 4.6 ಅಂತ ತೋರಿಸುತ್ತಲೇ ಇರುತ್ತದೆ, ಒಳಗೆ ನಿಜವಾಗಿ 4.3ರಷ್ಟು ಕೆಲಸ ನಡೆಯುತ್ತಿರುತ್ತದೆ. ಎಲ್ಲ ಕೋರ್ ಪೂರ್ತಿ ದುಡಿಯುವಾಗ ಈ ಎರಡು ಸಂಖ್ಯೆಗಳ ನಡುವೆ ದೊಡ್ಡ ಅಂತರ ಕಂಡರೆ ಅಂಡರ್‌ವೋಲ್ಟ್ ಜಾಸ್ತಿಯಾಗಿದೆ ಅಂತ ಅರ್ಥ. ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 30 ಹಾಕಿಕೊಂಡು ಬರುವವರೇ ಜಾಸ್ತಿ. ಎಲ್ಲೋ ವಿಡಿಯೋ ನೋಡಿರುತ್ತಾರೆ. ಮೈನಸ್ 15ಕ್ಕೆ ತನ್ನಿ, ಅಂಕ ಏರುತ್ತದಾ ನೋಡಿ.

ಏಪ್ರಿಲ್ ಅನ್ನೋ ಕಾಯಿಲೆ

ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್ ರಾತ್ರಿ ಸ್ವೆಟರ್ ಬೇಕು. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ದಾಟುತ್ತದೆ. ಆರ್‌ಸಿಸಿ ತಾರಸಿ ಕೆಳಗಿನ ಕೋಣೆ ಸಂಜೆಯಾದರೂ ಕಾದೇ ಇರುತ್ತದೆ. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ ಕೂಡ ಸುಮಾರು ಹತ್ತು ಡಿಗ್ರಿ ಏರುತ್ತದೆ. ಡಿಸೆಂಬರ್‌ನಲ್ಲಿ 80ಕ್ಕೆ ನಿಂತಿದ್ದ ಪ್ರೊಸೆಸರ್ ಈಗ 95ರ ಹತ್ತಿರ. 5600ಎಕ್ಸ್‌ನ ಗರಿಷ್ಠ ಮಿತಿಯೇ 95. ಅಷ್ಟಕ್ಕೆ ಮುಟ್ಟುವ ಮೊದಲೇ ಅದು ಬೂಸ್ಟ್ (ತಾನೇ ಏರಿಸಿಕೊಂಡ ವೇಗ) ಇಳಿಸುತ್ತಾ ಬರುತ್ತದೆ. ಎನ್‌ವಿಡಿಯಾ ಕಾರ್ಡ್ ಕೂಡ ಬಿಸಿ ಏರಿದಂತೆ 15 ಮೆಗಾಹರ್ಟ್ಜ್ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಚಿಕ್ಕದು, ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ 83 ಡಿಗ್ರಿಗೆ ಇಟ್ಟಿರುವ ಗುರಿ ಮುಟ್ಟಿದ ಮೇಲೆ ಇಳಿತ ಜೋರು.

ಜೊತೆಗೆ ಧೂಳು. ಕೆಜಿಎಫ್ ಕಡೆಯವರಿಗೆ ಹೇಳಬೇಕಾಗಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ಗುಡ್ಡಗಳು ಇನ್ನೂ ಅಲ್ಲೇ ಇವೆ. ಗಾಳಿ ಎದ್ದ ದಿನ ಆ ನುಣುಪು ಪುಡಿ ಕಿಟಕಿ ಸಂದಿನಲ್ಲೂ ನುಗ್ಗುತ್ತದೆ. ಅದು ಕೂಲರ್ ರೆಕ್ಕೆಗಳ ನಡುವೆ ತೆಳ್ಳಗೆ ಪದರ ಕಟ್ಟುತ್ತದೆ, ಹೊರಗಿನಿಂದ ನೋಡಿದರೆ ಕ್ಲೀನಾಗೇ ಕಾಣುತ್ತದೆ. ಫ್ಯಾನ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೇನೇ ಗೊತ್ತಾಗುವುದು. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಸುಮ್ನೆ ಬಿಟ್ಟರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗಬಹುದು. ಆಯುಧಪೂಜೆಗೆ ಅರಿಶಿನ ಕುಂಕುಮ ಇಡುವವರು ಗಾಜಿನ ಕಡೆ ಇಡಿ. ಮುಂದಿನ ಜಾಳಿಗೆಗೆ ಇಟ್ಟರೆ ದೇವರಿಗಿಂತ ಮೊದಲು ಫ್ಯಾನ್ ಸ್ವೀಕರಿಸುತ್ತದೆ.

ಗಾಳಿಯಾಡುವಿಕೆ ಪರೀಕ್ಷೆಗೆ ಖರ್ಚಿಲ್ಲ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಆಡಿ. ತಾಪ ಐದಾರು ಡಿಗ್ರಿಗಿಂತ ಜಾಸ್ತಿ ಇಳಿದರೆ ತೊಂದರೆ ಕೂಲರ್‌ನದಲ್ಲ, ಕ್ಯಾಬಿನೆಟ್ ಉಸಿರಾಡುತ್ತಿಲ್ಲ. ಕಂಪ್ಯೂಟರ್ ಟೇಬಲ್‌ನ ಕೆಳಗಿನ ಖಾನೆಯೊಳಗೆ ಪಿಸಿ ತೂರಿಸಿಟ್ಟವರು ಮೊದಲು ಅದನ್ನು ಹೊರಗೆ ತೆಗೆಯಿರಿ. ಬಾಗಿಲು ತೆಗೆದರೂ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ಕೂಲರ್ ಸರಿಯಾಗಿ ಕೂತಿಲ್ಲದಿರಬಹುದು. ಲಿಕ್ವಿಡ್ ಕೂಲರ್ ಇದ್ದರೆ ಬಯಾಸ್‌ನಲ್ಲಿ ಪಂಪ್ ತಿರುಗುತ್ತಿದೆಯಾ ನೋಡಿ.

ಪ್ರೊಸೆಸರ್ 75ರಲ್ಲೇ ಇದೆ, ಆದರೂ ವೇಗ ಇದ್ದಕ್ಕಿದ್ದಂತೆ ಪಾತಾಳಕ್ಕೆ ಬಿದ್ದು ಮತ್ತೆ ಏಳುತ್ತದೆ ಅಂತಾದರೆ ವಿಆರ್‌ಎಂ ನೋಡಿ. ಅಂದರೆ ಪ್ರೊಸೆಸರ್‌ಗೆ ಕರೆಂಟ್ ಇಳಿಸಿ ಕೊಡುವ ಭಾಗ, ಸಾಕೆಟ್ ಪಕ್ಕದಲ್ಲಿರುತ್ತದೆ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಅದರ ಮೇಲೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅದು 100 ಡಿಗ್ರಿ ದಾಟಿದ ಮೇಲೆ ಬೋರ್ಡೇ ಪ್ರೊಸೆಸರ್‌ನ ಕೈ ಕಟ್ಟುತ್ತದೆ. ಲಿಕ್ವಿಡ್ ಕೂಲರ್ ಹಾಕಿದವರಿಗೆ ಇದು ಜಾಸ್ತಿ, ಯಾಕೆಂದರೆ ಆ ಜಾಗಕ್ಕೆ ಫ್ಯಾನ್ ಗಾಳಿಯೇ ತಾಗುವುದಿಲ್ಲ. ಇದಕ್ಕೆ ಒಂದು ಫ್ಯಾನ್ ಆ ಕಡೆ ತಿರುಗಿಸಿ, ಪ್ರೊಸೆಸರ್‌ನ ವ್ಯಾಟ್ ಮಿತಿ ಇಳಿಸಿ. ಬೋರ್ಡ್ ಬದಲಾಯಿಸುವ ತನಕ ಬೇರೆ ದಾರಿಯಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ

ಎಲ್ಲರೂ ಮೋಸ ಹೋಗುವುದು ಇಲ್ಲೇ. ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಗೀಟನ್ನು ಬಲಕ್ಕೆ ಎಳೆಯುತ್ತಾ ಹೋಗುತ್ತಾರೆ. ಪರದೆ ಮೇಲೆ ಚುಕ್ಕೆ ಬರಲಿಲ್ಲ, ಕ್ರ್ಯಾಶ್ ಆಗಲಿಲ್ಲ, ಹಾಗಾದರೆ ಸ್ಟೇಬಲ್ ಅಂತ ತೀರ್ಮಾನ. ಆದರೆ ಇಂಥ ಕಾರ್ಡುಗಳ ಜಿಡಿಡಿಆರ್6 ಮೆಮೊರಿಯಲ್ಲಿ ತಪ್ಪು ಪತ್ತೆ ಹಚ್ಚುವ ವ್ಯವಸ್ಥೆ ಇದೆ. ಡೇಟಾ ಕಳಿಸುವಾಗ ತಪ್ಪಾದರೆ ಅದನ್ನೇ ಮತ್ತೆ ಕಳಿಸುತ್ತದೆ. ಪರದೆ ಮೇಲೆ ಏನೂ ಕಾಣುವುದಿಲ್ಲ, ಮತ್ತೆ ಮತ್ತೆ ಕಳಿಸುವುದರಲ್ಲಿ ಹೊತ್ತು ಹೋಗುತ್ತದೆ. ಮೆಗಾಹರ್ಟ್ಜ್ ಏರಿದೆ, ಎಫ್‌ಪಿಎಸ್ ಇಳಿದಿದೆ.

ಕಾರ್ಡಿನ ವೇಗಕ್ಕೆ ಅಂಕ ಕೊಡುವ ಯೂನಿಜಿನ್ ಸೂಪರ್‌ಪೊಸಿಷನ್ ಅಥವಾ 3ಡಿಮಾರ್ಕ್‌ನ ಟೈಮ್ ಸ್ಪೈ ಇಟ್ಟುಕೊಳ್ಳಿ. ಸೊನ್ನೆಯಿಂದ ಶುರು ಮಾಡಿ 200, 400, 600 ಅಂತ ಏರಿಸಿ, ಪ್ರತಿ ಸಲ ಅಂಕ ಬರೆಯಿರಿ. ಮೊದಲು ಏರುತ್ತದೆ, ಆಮೇಲೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ನಿಂತ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಕಾರ್ಡಿನ ಜಾಗ. ಬಿಸಿ ಕಾರ್ಡಿನ ಮೇಲೆ ಮಾಡಿ, ತಣ್ಣಗಿರುವಾಗ ಮಾಡಿದ ಲೆಕ್ಕ ನಿಲ್ಲುವುದಿಲ್ಲ. ನಮ್ಮವನು +1200 ಇಟ್ಟುಕೊಂಡಿದ್ದ. 700ಕ್ಕೆ ತಂದ ಮೇಲೆ ಎಫ್‌ಪಿಎಸ್ ಜಾಸ್ತಿಯಾಯಿತು. ಅವನಿಗೆ ನಂಬಲಿಕ್ಕೇ ಆಗಲಿಲ್ಲ, ತಾನೇ ಮತ್ತೆ 1200 ಹಾಕಿ ನೋಡಿಕೊಂಡ.

ಸ್ವಿಚ್ ಆಫ್ ಮಾಡುವ ಅಮ್ಮಂದಿರು ಮತ್ತು ರ‍್ಯಾಮ್

ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಸ್ಪೀಡ್ ಎಷ್ಟಿದೆ? 3600ರ ರ‍್ಯಾಮ್ ಹಾಕಿ ಅಲ್ಲಿ 2133 ಅಥವಾ 2666 ತೋರಿಸುತ್ತಿದ್ದರೆ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಬಯಾಸ್ ಸೆಟ್ಟಿಂಗ್) ಹೋಗಿದೆ. ಓವರ್‌ಕ್ಲಾಕ್ ಮಾಡಿದ ಬೋರ್ಡ್ ಒಂದೆರಡು ಸಲ ಸರಿಯಾಗಿ ಆನ್ ಆಗದಿದ್ದರೆ ತಾನೇ ಎಲ್ಲವನ್ನೂ ಡೀಫಾಲ್ಟ್‌ಗೆ ತಂದುಬಿಡುತ್ತದೆ. ಪರದೆ ಮೇಲೆ ಒಂದು ಸಾಲು ಬಂದುಹೋಗಿರುತ್ತದೆ, ಎಫ್1 ಒತ್ತಿ ಮುಂದೆ ಹೋಗಿರುತ್ತೀರಿ.

ಪದೇ ಪದೇ ಹೀಗಾಗುತ್ತಿದ್ದರೆ, ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ, ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯದ ಸೆಲ್ ಮುಗಿದಿದೆ. ನಮ್ಮ ಮನೆಗಳಲ್ಲಿ ಅದು ಬೇಗ ಮುಗಿಯುತ್ತದೆ, ಅದಕ್ಕೆ ಕಾರಣ ಇದೆ. ಗೋಡೆ ಸ್ವಿಚ್ ಆನ್ ಇದ್ದರೆ ಪಿಸಿ ಆಫ್ ಆಗಿದ್ದರೂ ಪವರ್ ಸಪ್ಲೈನಿಂದ ಬೋರ್ಡಿಗೆ ಸ್ವಲ್ಪ ಕರೆಂಟ್ ಬರುತ್ತಿರುತ್ತದೆ, ಸೆಲ್‌ಗೆ ಕೆಲಸವಿಲ್ಲ. ನಮ್ಮಲ್ಲಿ ರಾತ್ರಿ ಅಮ್ಮ ಬಂದು ಎಲ್ಲ ಸ್ವಿಚ್ ಆರಿಸುತ್ತಾರೆ. ಆಗ ಆ ಸೆಲ್ಲೇ ರಾತ್ರಿಯೆಲ್ಲಾ ದುಡಿಯಬೇಕು. ಅಮ್ಮನಿಗೆ ಏನೂ ಹೇಳಬೇಡಿ, ಗುಡುಗು ಸಿಡಿಲಿನ ಕಾಲದಲ್ಲಿ ಅವರು ಮಾಡುತ್ತಿರುವುದೇ ಸರಿ. ಹೊಸ ಸೆಲ್ ಕಡಿಮೆ ದುಡ್ಡಿಗೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿ, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ.

ರ‍್ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇರಬೇಕು, ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ. ಧೂಳು ಹೊಡೆಯಲು ತೆಗೆದು ಅಕ್ಕಪಕ್ಕ ಚುಚ್ಚಿದರೆ ಸಿಂಗಲ್ ಚಾನೆಲ್ ಆಗುವ (ಡೇಟಾಗೆ ಎರಡರ ಬದಲು ಒಂದೇ ದಾರಿ ಉಳಿಯುವ) ಸಂಭವವಿದೆ, 1% ಲೋ ನೆಲಕಚ್ಚುತ್ತದೆ.

ರ‍್ಯಾಮ್ ಅನ್ನು ಇನ್ನೂ ಏರಿಸಿದವರಿಗೆ: ರೈಜನ್ 5000ದಲ್ಲಿ 3600ರ ರ‍್ಯಾಮ್‌ಗೆ ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ದಾರಿ) 1800ರಲ್ಲಿ ಜೋಡಿಯಾಗಿ ಓಡುತ್ತದೆ. 4000 ಹಾಕಿದರೆ ಹೆಚ್ಚಿನ ಚಿಪ್‌ಗಳಲ್ಲಿ ಆ ಜೋಡಿ ತಪ್ಪುತ್ತದೆ. ದೊಡ್ಡ ಸಂಖ್ಯೆ, ನಿಧಾನ ಪಿಸಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ಲಾಗ್ ತೆರೆದು ಡಬ್ಲ್ಯೂಎಚ್‌ಇಎ ಲಾಗರ್ ಅಂತ ಹುಡುಕಿ. ಐಡಿ 19ರ ಎಚ್ಚರಿಕೆಗಳು ಸಾಲುಗಟ್ಟಿ ನಿಂತಿದ್ದರೆ ಫ್ಯಾಬ್ರಿಕ್ ಒದ್ದಾಡುತ್ತಿದೆ. ಪಿಸಿ ತಪ್ಪುಗಳನ್ನು ತಿದ್ದಿಕೊಂಡೇ ಓಡುತ್ತಿದೆ, ನಿಮಗೆ ಹೇಳುತ್ತಿಲ್ಲ.

ವೋಲ್ಟೇಜ್ ಮೇಲೆ ಹೊರಿಸುವ ತಪ್ಪು

"ನಮ್ಮೂರ ಕರೆಂಟ್ ಸರಿಯಿಲ್ಲ ಅಣ್ಣಾ, ಅದಕ್ಕೇ ಎಫ್‌ಪಿಎಸ್ ಕಡಿಮೆ." ಇದನ್ನು ಕೇಳಿ ಕೇಳಿ ಸಾಕಾಗಿದೆ. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ಕರೆಂಟ್ ಬಂದ ಊರಿನ ಹುಡುಗರೂ ಇದನ್ನೇ ಹೇಳುತ್ತಾರೆ. ಬೋರ್‌ವೆಲ್ ಮೋಟರ್ ಶುರುವಾದಾಗ ಲೈಟು ಮಂಕಾಗುವುದು ನಿಜ. ಆದರೆ ಪಿಸಿಯ ಪವರ್ ಸಪ್ಲೈ ತನ್ನ ಲೇಬಲ್ ಮೇಲೆ ಬರೆದ ಮಿತಿಯೊಳಗೆ ಎಷ್ಟು ಬಂದರೂ ಹೊರಗೆ 12 ವೋಲ್ಟ್ ಕೊಡುತ್ತದೆ. ಮಿತಿಗಿಂತ ಕೆಳಗೆ ಇಳಿದರೆ ಪಿಸಿ ಆಫ್ ಆಗುತ್ತದೆ, ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಬೀಳುತ್ತದೆ. ಎಫ್‌ಪಿಎಸ್ ಇಳಿಯುವುದಿಲ್ಲ. ಲೇಬಲ್ ಓದಿ: 100-240 ಇದ್ದರೆ ಚಿಂತೆ ಕಡಿಮೆ, 200-240 ಅಂತ ಇದ್ದರೆ ಮಲ್ಟಿಮೀಟರ್ ಹಿಡಿದು ಸಂಜೆ ಒಮ್ಮೆ ಅಳೆಯಿರಿ. ಗೇಮ್ ನಡುವೆ ಕರೆಂಟ್ ಹೋದ ತಕ್ಷಣ ಯುಪಿಎಸ್ ಇದ್ದರೂ ಪಿಸಿ ಆಫ್ ಆಗುತ್ತಿದ್ದರೆ ಅದು ಯುಪಿಎಸ್‌ನ ಕತೆ, ಅದರ ವ್ಯಾಟ್ ಸಾಲದಿರಬಹುದು.

ಇಂಟೆಲ್ 13 ಮತ್ತು 14ನೇ ಜನರೇಷನ್‌ನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಇಷ್ಟರಲ್ಲೇ ನಿಲ್ಲಬೇಡಿ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಸವೆಯುವ ತೊಂದರೆ ಇತ್ತು. 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್ (ಚಿಪ್‌ನೊಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟಿದೆ, ಅದು ಬಯಾಸ್ ಅಪ್‌ಡೇಟ್ ಮೂಲಕ ಬರುತ್ತದೆ. ಹೊಸ ಬಯಾಸ್ ಹಾಕಿ. ಈಗಾಗಲೇ ಸವೆದ ಚಿಪ್ ಅದರಿಂದ ಸರಿಹೋಗುವುದಿಲ್ಲ, ಆದರೆ ಇಂಟೆಲ್ ಆ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ಬಿಲ್ ಹುಡುಕಿ ಇಟ್ಟುಕೊಳ್ಳಿ.

ಮತ್ತೆ ಏರಿಸುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಎಕ್ಸ್‌ಎಂಪಿ, ಅಷ್ಟು ಸಾಕು ಅನ್ನಿಸುವವರೇ ಜಾಸ್ತಿ ಇರುತ್ತಾರೆ. ಆಮೇಲೆ ಪ್ರೊಸೆಸರ್: ಪಿಬಿಒ (ಎಎಂಡಿ ಚಿಪ್‌ನ ವ್ಯಾಟ್, ಕರೆಂಟ್ ಮಿತಿ ಸಡಿಲಿಸುವ ಸೆಟ್ಟಿಂಗ್) ಜೊತೆ ಕರ್ವ್ ಆಪ್ಟಿಮೈಜರ್ ಸ್ವಲ್ಪ ಸ್ವಲ್ಪವೇ. ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಪ್ರತಿ ಹೆಜ್ಜೆಗೂ ಅದೇ ಸಿನೆಬೆಂಚ್, ಅದೇ ಗೇಮ್, ಅದೇ ಜಾಗ. ಅಂಕ ಏರದಿದ್ದರೆ ಆ ಹೆಜ್ಜೆ ಹಿಂದಕ್ಕೆ, ಮೆಗಾಹರ್ಟ್ಜ್ ಎಷ್ಟೇ ಚಂದ ಕಾಣಲಿ.

ಹೆಚ್ಚಿನ ಬಯಾಸ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಪ್ರೊಫೈಲ್ ಇಡಲು ಜಾಗ ಇರುತ್ತದೆ. ನಾನು ಎರಡು ಮಾಡಿಕೊಡುತ್ತೇನೆ, ಚಳಿಗಾಲಕ್ಕೊಂದು ಬೇಸಿಗೆಗೊಂದು. ಬೇಸಿಗೆಯದರಲ್ಲಿ ಪ್ರೊಸೆಸರ್‌ನ ವ್ಯಾಟ್ ಮಿತಿ ಸ್ಟಾಕ್‌ನಲ್ಲೇ ಇರುತ್ತದೆ, 5600ಎಕ್ಸ್‌ಗೆ ಅದು 76 ವ್ಯಾಟ್. ಕಾರ್ಡಿಗೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 90%. ಎಫ್‌ಪಿಎಸ್ ಇಳಿಯುವುದು ಸ್ವಲ್ಪವೇ, ಸದ್ದು ಮತ್ತು ಬಿಸಿ ಚೆನ್ನಾಗಿ ಇಳಿಯುತ್ತವೆ. ಬೇಸಿಗೆ ಪ್ರೊಫೈಲ್ ಪರೀಕ್ಷೆಯನ್ನು ರಾತ್ರಿ ಮಾಡಬೇಡಿ. ರಜೆ ದಿನ ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ಹಾಕಿ, ಒಂದು ಗಂಟೆ ಆಡಿ ನೋಡಿ.